ಬ್ರೆಜಿಲಿನ ಗುಡ್ಡದ ಹೋಟೆಲುಗಳು ಮತ್ತು ಬಾರುಗಳು

ಊರಿನ ನಡುವೆಯೇ ಎದ್ದು ನಿಂತ ಗುಡ್ಡಗಳ ಇಳಿಜಾರಿನಲ್ಲಿ, ಕೆಳಗಿನ ನಗರವೆಲ್ಲ ಕಣ್ಣಿಗೆ ಬೀಳುವಂತೆ ಕಟ್ಟಿಕೊಂಡಿರುವ ಊಟದ ಮನೆಗಳು ಮತ್ತು ಪಾನಗೃಹಗಳು. ರಿಯೋ ಡಿ ಜನೈರೊ ಇವುಗಳ ತವರು. ಸಾಲ್ವಡಾರ್, ಒಲಿಂಡಾ, ಸ್ಯಾಂಟೋಸ್, ಬೆಲೊ ಹಾರಿಜಾಂಟೆ ನಗರಗಳಲ್ಲೂ ಇವುಗಳ ಬೇರೆ ಬೇರೆ ರೂಪಗಳಿವೆ. ಪ್ರವಾಸದ ಕೈಪಿಡಿಗಳು ಇಲ್ಲಿನ ನೋಟವನ್ನು ಹೊಗಳಿ ಮುಂದಕ್ಕೆ ಹೋಗುತ್ತವೆ. ಯಾವ ಗುಡ್ಡವನ್ನು ಯಾರು, ಯಾವ ಕಾಲದಲ್ಲಿ, ಯಾಕಾಗಿ ಹತ್ತಿದರು ಎಂದು ಕೇಳಿಕೊಂಡರೆ ಮಾತ್ರ ಹೋಟೆಲು ಅಲ್ಲೇ ಏಕಿದೆ, ಊಟಕ್ಕೆ ಅಷ್ಟು ಬೆಲೆ ಏಕೆ, ಹಣ ಯಾರ ಕೈ ಸೇರುತ್ತದೆ ಎಂಬುದೆಲ್ಲ ತಿಳಿಯುತ್ತದೆ.

ನೆಲದ ಬಗೆ

ರಿಯೋ ನಗರ ಗ್ವಾನಬಾರಾ ಕೊಲ್ಲಿಯ ಪಡುವಣ ದಡದಲ್ಲಿದೆ. ನೈಸ್ ಮತ್ತು ಗ್ರಾನೈಟ್ ಕಲ್ಲಿನ ಬೋಳುಗುಡ್ಡಗಳು ಇಲ್ಲಿ ಕಡಲಂಚಿನಿಂದಲೇ ನೆಟ್ಟಗೆ ಏಳುತ್ತವೆ. ಕೊಲ್ಲಿಯ ಬಾಯಲ್ಲಿರುವ ಪಾವೊ ದಿ ಅಸೂಕಾರ್ ಅಥವಾ ಸಕ್ಕರೆಗುಡ್ಡದ ಎತ್ತರ 396 ಮೀಟರ್. ಕ್ರಿಸ್ತನ ಪ್ರತಿಮೆ ಇರುವ ಕೊರ್ಕೊವಾಡೊ 710 ಮೀಟರ್. ಅದರ ಹಿಂದಿನ ತಿಜೂಕಾ ಶಿಖರ ಸಾವಿರ ಮೀಟರನ್ನೂ ದಾಟುತ್ತದೆ. ಸಮತಟ್ಟಾದ ನೆಲ ಗುಡ್ಡ ಮತ್ತು ಕಡಲಿನ ನಡುವೆ ಸಿಕ್ಕಿಕೊಂಡ ಕಿರಿದಾದ ಪಟ್ಟಿಗಳಷ್ಟೇ. ಊರು ಬೆಳೆದಂತೆಲ್ಲ ಈ ಸಂದುಗಳಲ್ಲಿ ನುಸುಳಿತು, ಗುಡ್ಡಗಳನ್ನು ಸುರಂಗ ಕೊರೆದು ದಾಟಿತು, ಕೊನೆಗೆ ಗುಡ್ಡಗಳ ಮೈಮೇಲೂ ಹತ್ತಿತು. ಹೀಗಾಗಿ ನಗರದ ಮಧ್ಯದಿಂದ ಸ್ವಲ್ಪ ದೂರ ಹತ್ತಿದರೆ ಸಾಕು, ಕಚೇರಿ ಕಟ್ಟಡಗಳು, ಬಂದರು, ಮರಳದಂಡೆ, ಕಾಡು ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಬೆಟ್ಟ ಮತ್ತು ಕಡಲಿನ ನಡುವಿನ ಈ ನೆಲವನ್ನು ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಗರ ಮೊದಲು ಬೇರೂರಿದ್ದೂ ಗುಡ್ಡದಲ್ಲೇ. ಪೋರ್ಚುಗೀಸರು 1565ರಲ್ಲಿ ಸಕ್ಕರೆಗುಡ್ಡದ ಬುಡದಲ್ಲಿ ಊರು ಹಾಕಿದರು. ಎರಡು ವರ್ಷಗಳ ಬಳಿಕ, ಕಾವಲಿಗೆ ಅನುಕೂಲವೆಂದು ಕಾಸ್ತೆಲೊ ಗುಡ್ಡಕ್ಕೆ ಅದನ್ನು ಸಾಗಿಸಿದರು. ಆ ಗುಡ್ಡ ಈಗಿಲ್ಲ. ಸ್ವಾತಂತ್ರ್ಯದ ಶತಮಾನೋತ್ಸವದ ವಸ್ತುಪ್ರದರ್ಶನಕ್ಕೆ ಜಾಗ ಬೇಕೆಂದು 1921–22ರಲ್ಲಿ ಅದನ್ನು ಕೊರೆದು ನೆಲಸಮ ಮಾಡಿ, ಮಣ್ಣನ್ನು ಕೊಲ್ಲಿಯ ಅಂಚಿಗೆ ತುಂಬಿದರು. ಊರು ಹುಟ್ಟಿದ ದಿಣ್ಣೆಯನ್ನು ಊರಿನವರೇ ಅಳಿಸಿಬಿಟ್ಟದ್ದು ರಿಯೋದ ಇತಿಹಾಸದಲ್ಲಿ ಇಂದಿಗೂ ನೋವು ತರುವ ಸಂಗತಿ.

ಗುಡ್ಡ ಹತ್ತಿದವರು

ನಗರಕ್ಕೆ ಕುಡಿಯುವ ನೀರು ಬರುತ್ತಿದ್ದದ್ದು ಗುಡ್ಡದಿಂದ. ಕಾರಿಯೊಕಾ ಹೊಳೆಯ ನೀರನ್ನು ಕೆಳಗಿನ ಚೌಕಗಳಿಗೆ ಸಾಗಿಸಲು 1750ರ ಹೊತ್ತಿಗೆ ಕಲ್ಲಿನ ಮೇಲ್ಗಾಲುವೆಯೊಂದು ಸಿದ್ಧವಾಯಿತು. 42 ಕಮಾನುಗಳ ಆ ಕಟ್ಟಡವೇ ಇಂದಿನ ‘ಲಾಪಾ ಕಮಾನುಗಳು’. ಅದೇ ಕಾಲದಲ್ಲಿ ಗುಡ್ಡದ ಮೇಲೆ ಕಟ್ಟಿದ ಸನ್ಯಾಸಿನಿಯರ ಮಠದಿಂದ ಸಾಂತಾ ತೆರೇಸಾ ಬಡಾವಣೆಗೆ ಆ ಹೆಸರು ಬಂತು. 1849–50ರಲ್ಲಿ ಹಳದಿ ಜ್ವರ ಕೆಳಗಿನ ಬೀದಿಗಳನ್ನು ಕಾಡಿದಾಗ ಅನುಕೂಲವಂತರು ತಂಪು ಗಾಳಿಯನ್ನು ಅರಸಿ ಈ ಗುಡ್ಡಕ್ಕೆ ಬಂದು ದೊಡ್ಡ ದೊಡ್ಡ ತೋಟದ ಮನೆಗಳನ್ನು ಕಟ್ಟಿಕೊಂಡರು. 1896ರಲ್ಲಿ ಅದೇ ಕಮಾನುಗಳ ಮೇಲೆ ಹಳಿ ಹಾಸಿ ವಿದ್ಯುತ್ ಟ್ರಾಮ್ ಓಡಿಸಲಾಯಿತು. ಶತಮಾನದಷ್ಟು ಕಾಲ ನೀರು ಇಳಿದು ಬಂದ ದಾರಿಯಲ್ಲಿ ಈಗ ಜನ ಹತ್ತತೊಡಗಿದರು.

ಆದರೆ ಸಿರಿವಂತರ ಮನಸ್ಸು ಬಹುಕಾಲ ಗುಡ್ಡದಲ್ಲಿ ನಿಲ್ಲಲಿಲ್ಲ. 1892ರಲ್ಲಿ ಕೊಪಕಬಾನಾಕ್ಕೆ ಸುರಂಗ ತೆರೆದ ಮೇಲೆ ಕಡಲ ದಂಡೆ ಅವರನ್ನು ಸೆಳೆಯಿತು. 1960ರಲ್ಲಿ ರಾಜಧಾನಿ ಬ್ರೆಸಿಲಿಯಾಕ್ಕೆ ಹೋಯಿತು. ಸಾಂತಾ ತೆರೇಸಾದ ಬಂಗಲೆಗಳು ಹಾಳುಬಿದ್ದು ಬಾಡಿಗೆ ಇಳಿದಾಗ ಚಿತ್ರಕಾರರೂ ಸಂಗೀತಗಾರರೂ ಬಂದು ಸೇರಿದರು. ಕಡಿಮೆ ಬಾಡಿಗೆ, ವಿಶಾಲ ಜಗಲಿ, ಮರಗಿಡಗಳ ಹಿತ್ತಿಲು ಇವೆಲ್ಲ ಒಟ್ಟಿಗೆ ಸಿಕ್ಕಿದ ಕಾರಣಕ್ಕೇ ಮುಂದೆ ಇಲ್ಲಿ ಹೋಟೆಲುಗಳೂ ಹುಟ್ಟಿಕೊಂಡವು.

ಬಡವರು ಗುಡ್ಡ ಹತ್ತಿದ ಕಥೆಯೇ ಬೇರೆ. 1893ರಲ್ಲಿ ನಗರಾಡಳಿತ ಊರೊಳಗಿನ ದೊಡ್ಡ ವಠಾರವೊಂದನ್ನು ಕೆಡವಿತು. ಅಲ್ಲಿಂದ ಹೊರಬಿದ್ದವರಲ್ಲಿ ಕೆಲವರು ಹತ್ತಿರದ ಗುಡ್ಡದಲ್ಲಿ ಗುಡಿಸಲು ಹಾಕಿದರು. 1897ರಲ್ಲಿ ಕನೂಡೊಸ್ ಯುದ್ಧ ಮುಗಿಸಿ ಬಂದ ಸೈನಿಕರು, ಸಿಗಬೇಕಾಗಿದ್ದ ಮನೆ ಸಿಗದೆ, ಪ್ರೊವಿಡೆನ್ಸಿಯಾ ಗುಡ್ಡದಲ್ಲಿ ಬೀಡುಬಿಟ್ಟರು. ಇಂಥ ಬಡ ಕೇರಿಗಳಿಗೆ ಫವೇಲಾ ಎಂಬ ಹೆಸರು ಹುಟ್ಟಿದ್ದು ಆ ಗುಡ್ಡದಲ್ಲಿ. 1902ರಿಂದ 1906ರವರೆಗೆ ಮೇಯರ್ ಆಗಿದ್ದ ಪೆರೇರಾ ಪಾಸೊಸ್ ಅಗಲವಾದ ಬೀದಿಗಳಿಗಾಗಿ ಹಳೆಯ ಕೇರಿಗಳನ್ನು ಕೆಡವಿಸಿದಾಗ ಮತ್ತಷ್ಟು ಜನ ಮೇಲಕ್ಕೆ ಹೋದರು. ಕೆಳಗೆ ಕೆಲಸವಿತ್ತು, ಕೆಳಗೆ ನೆಲವಿರಲಿಲ್ಲ. ರಿಯೋದ ಅತ್ಯಂತ ಚೆಲುವಾದ ನೋಟಗಳಲ್ಲಿ ಹಲವು ಅತ್ಯಂತ ಬಡವರ ಅಂಗಳದಿಂದ ಕಾಣುವುದು ಇದೇ ಕಾರಣಕ್ಕೆ.

ನೋಟಕ್ಕಾಗಿಯೇ ಹತ್ತುವ ಮೂರನೆಯ ಗುಂಪು ಪ್ರವಾಸಿಗಳದು. ಚಕ್ರವರ್ತಿ ಎರಡನೆಯ ಪೆದ್ರೊ 1884ರಲ್ಲಿ ಕೊರ್ಕೊವಾಡೊ ರೈಲನ್ನು ಉದ್ಘಾಟಿಸಿದಾಗ, ನಡುದಾರಿಯ ಪೈನೇರಸ್ ಎಂಬಲ್ಲಿ ಹೋಟೆಲೊಂದು ತಲೆಯೆತ್ತಿತು. ಬ್ರೆಜಿಲಿನಲ್ಲಿ ನೋಟವನ್ನೇ ನಂಬಿ ನಡೆದ ಊಟದ ಮನೆಗಳಲ್ಲಿ ಇದು ಬಹಳ ಹಳೆಯದು. ಬಹುಕಾಲ ಪಾಳುಬಿದ್ದಿದ್ದ ಆ ಕಟ್ಟಡವನ್ನು ದುರಸ್ತಿ ಮಾಡಿ 2016ರಲ್ಲಿ ಸಂದರ್ಶಕರ ಕೇಂದ್ರವಾಗಿ ತೆರೆದಿದ್ದಾರೆ. ಸಕ್ಕರೆಗುಡ್ಡಕ್ಕೆ ತೂಗುಗಾಡಿ ಬಂದದ್ದು ಎರಡು ಹಂತದಲ್ಲಿ: 1912ರ ಅಕ್ಟೋಬರಿನಲ್ಲಿ ಉರ್ಕಾ ಗುಡ್ಡದವರೆಗೆ, 1913ರ ಜನವರಿಯಲ್ಲಿ ತುದಿಯವರೆಗೆ.

ಸಾಂತಾ ತೆರೇಸಾದ ಜಗಲಿಗಳು

ಇಂದು ಗುಡ್ಡದ ಹೋಟೆಲು ಎಂದೊಡನೆ ರಿಯೋದವರು ಮೊದಲು ಹೆಸರಿಸುವವುಗಳಲ್ಲಿ ಅಪ್ರಜಿವೆಲ್ ಒಂದು. ಬೀದಿಯ ಹೆಸರೇ ಹೋಟೆಲಿನ ಹೆಸರು. ಮಿನಾಸ್ ಜೆರೈಸ್ ಪ್ರಾಂತದ ಮೂಲದ ಅನಾ ಕಾಸ್ತಿಲ್ಯೊ 1990ರ ದಶಕದಲ್ಲಿ ತಮ್ಮ ಮನೆಯ ತೋಟದಲ್ಲೇ ಮೇಜು ಹಾಕಿ ಇದನ್ನು ಶುರುಮಾಡಿದರು. ಬೀದಿಯಿಂದ ನೋಡಿದರೆ ಮಾಮೂಲಿ ಮನೆಯ ಬಾಗಿಲು. ಒಳಹೊಕ್ಕರೆ ತೋಟ ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತದೆ, ಒಂದೊಂದು ಮಟ್ಟದಲ್ಲೂ ಮರದ ನೆರಳಿನಲ್ಲಿ ಮೇಜುಗಳು. ಎಲೆಗಳ ಸಂದಿನಲ್ಲಿ ನಗರದ ಗೋಪುರಗಳು, ಅವುಗಳ ಆಚೆ ಕೊಲ್ಲಿ, ಕೊಲ್ಲಿಯ ಆಚೆ ನಿತೆರೋಯ್, ಎರಡೂ ಊರುಗಳನ್ನು ಜೋಡಿಸುವ ಹದಿಮೂರು ಕಿಲೋಮೀಟರ್ ಉದ್ದದ ಸೇತುವೆ. 1974ರಲ್ಲಿ ತೆರೆದ ಆ ಸೇತುವೆ ಸಂಜೆಯ ಮಬ್ಬಿನಲ್ಲಿ ದೀಪದ ಗೆರೆಯಾಗಿ ಮೂಡುವುದನ್ನು ಕಾಯುತ್ತ ಕೂರುವವರಿಗಾಗಿಯೇ ಇಲ್ಲಿ ಮೇಜು ಮುಂಗಡ ಕಾದಿರಿಸಬೇಕಾಗುತ್ತದೆ.

ಈ ಹೋಟೆಲಿಗೆ ಹೆಸರು ತಂದ ತಿನಿಸು ಬಲು ಸರಳವಾದದ್ದು: ಕೆಂಡದಲ್ಲಿ ಸುಟ್ಟ ತಾಳೆಯ ತಿರುಳು. ಪುಪುನ್ಯಾ ಎಂಬ ತಾಳೆಜಾತಿಯ ಎಳೆಯ ಕಾಂಡವನ್ನು ಹೊದಿಕೆ ಸಹಿತ ಬಿಸಿಗೊಡ್ಡಿ, ಉದ್ದಕ್ಕೆ ಸೀಳಿದರೆ ಒಳಗೆ ದಂತದ ಬಣ್ಣದ ಮೆತ್ತನೆಯ ತಿರುಳು ಹಬೆಯಾಡುತ್ತದೆ. ಹೊದಿಕೆಯೇ ತಟ್ಟೆ. ರುಚಿಯ ಹಿಂದೆ ಇನ್ನೊಂದು ವಿಚಾರವೂ ಇದೆ. ಮೊದಲು ಈ ತಿರುಳಿಗಾಗಿ ಅಟ್ಲಾಂಟಿಕ್ ಕಾಡಿನ ಜುಸಾರಾ ತಾಳೆಯನ್ನು ಕಡಿಯುತ್ತಿದ್ದರು. ಒಂಟಿ ಕಾಂಡದ ಆ ಮರ ಕಡಿದರೆ ಸತ್ತಂತೆ, ಹೀಗಾಗಿ ಅದು ಅಳಿವಿನಂಚಿಗೆ ಬಂತು. ಪುಪುನ್ಯಾ ಬಾಳೆಯಂತೆ ಬುಡದಿಂದ ಕಂದು ಒಡೆಯುವುದರಿಂದ ಒಂದನ್ನು ಕಡಿದರೂ ಹಿಂಡು ಉಳಿಯುತ್ತದೆ. ಕಾಡಿನ ಮರವನ್ನು ಬಿಟ್ಟು ತೋಟದ ಮರವನ್ನು ಹಿಡಿದದ್ದು ಬ್ರೆಜಿಲಿನ ಅಡುಗೆಯವರು ಮಾಡಿದ ಒಳ್ಳೆಯ ಕೆಲಸಗಳಲ್ಲೊಂದು.

ಇದೇ ಬಡಾವಣೆಯಲ್ಲಿ ನೋಟವಿಲ್ಲದೆಯೂ ಹೆಸರು ಮಾಡಿದ ಹಳೆಯ ಅಂಗಡಿಗಳಿವೆ. 1919ರಲ್ಲಿ ದಿನಸಿ ಅಂಗಡಿಯಾಗಿ ಆರಂಭವಾದ ಅರ್ಮಜೆಂ ಸಾವೊ ಥಿಯಾಗೊದಲ್ಲಿ ಆ ಕಾಲದ ಮರದ ಕಪಾಟುಗಳು ಇಂದಿಗೂ ಗೋಡೆಯೆತ್ತರಕ್ಕೆ ನಿಂತಿವೆ. ಬಾರ್ ದು ಮಿನೇರೊದಲ್ಲಿ ಶನಿವಾರದ ಫೇಜ್ವಾಡಾ ಎಂಬ ಕಪ್ಪು ಬೀನ್ಸಿನ ಊಟಕ್ಕೆ ಜನ ಬೀದಿಯವರೆಗೂ ನಿಲ್ಲುತ್ತಾರೆ. ಕಾಸು ಕೊಡದೆ ನೋಟ ಬೇಕೆನ್ನುವವರಿಗೆ 1997ರಲ್ಲಿ ಉದ್ಯಾನವಾದ ‘ಪಾರ್ಕಿ ದಾಸ್ ಹೂಯಿನಾಸ್’ ಇದೆ. ಕಲಾಪೋಷಕಿ ಲೌರಿಂಡಾ ಸಾಂಟೊಸ್ ಲೋಬೊ ಅವರ ಪಾಳು ಬಂಗಲೆಯ ಇಟ್ಟಿಗೆ ಗೋಡೆಗಳ ನಡುವೆ ಉಕ್ಕಿನ ಮೆಟ್ಟಿಲು ಕೂಡಿಸಿ ಮಾಡಿದ ಆ ಜಾಗಕ್ಕಿಂತ ಚೆನ್ನಾದ ನೋಟ ಯಾವ ಹೋಟೆಲಿನಲ್ಲೂ ಸಿಗುವುದು ಅನುಮಾನ.

ಬಡಾವಣೆಯ ಜೀವನಾಡಿಯಾದ ಹಳದಿ ಟ್ರಾಮು 2011ರ ಆಗಸ್ಟಿನಲ್ಲಿ ಹಳಿತಪ್ಪಿ ಜನ ಸತ್ತರು. ಸಂಚಾರ ವರ್ಷಗಟ್ಟಲೆ ನಿಂತು, 2015ರಲ್ಲಿ ಸ್ವಲ್ಪ ದೂರಕ್ಕೆ ಮಾತ್ರ ಮತ್ತೆ ಆರಂಭವಾಯಿತು. ಟ್ರಾಮಿಲ್ಲದ ಆ ವರ್ಷಗಳಲ್ಲಿ ಗಿರಾಕಿ ಹತ್ತಿ ಬರುವುದೇ ಕಷ್ಟವಾಗಿ ಸಣ್ಣ ಹೋಟೆಲುಗಳು ನಲುಗಿದವು. ಗುಡ್ಡದ ವ್ಯಾಪಾರ ಎಷ್ಟರಮಟ್ಟಿಗೆ ದಾರಿಯನ್ನು ನಂಬಿದೆ ಎಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು.

ಫವೇಲಾದ ತಾರಸಿಗಳು

ಫವೇಲಾದ ಮನೆಯ ಕಾಂಕ್ರೀಟ್ ತಾರಸಿಗೆ ಲಾಜಿ ಎನ್ನುತ್ತಾರೆ. ಅಲ್ಲಿ ನೀಲಿ ನೀರಿನ ತೊಟ್ಟಿ, ಬಟ್ಟೆ ಒಣಗುವ ಹಗ್ಗ, ಮಕ್ಕಳ ಗಾಳಿಪಟ, ಭಾನುವಾರ ಇಟ್ಟಿಗೆಯ ಒಲೆಯ ಮೇಲೆ ಸುಡುವ ಮಾಂಸ, ನೆರೆಯವರ ಪಗೋಜಿ ಹಾಡು. ಮಗಳ ಮದುವೆಯಾದರೆ ಅದರ ಮೇಲೊಂದು ಮಹಡಿ ಏಳುತ್ತದೆ, ಹೊಸ ತಾರಸಿ ಅದಕ್ಕೂ ಮೇಲಕ್ಕೆ ಹೋಗುತ್ತದೆ. ತಾರಸಿಯನ್ನೇ ಮಾರುವುದು, ಕೊಳ್ಳುವುದು ಫವೇಲಾಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. 2017ರ ಕಾಯಿದೆಯೊಂದು ಇದನ್ನು ದೇಶದ ಸಿವಿಲ್ ಸಂಹಿತೆಗೇ ಸೇರಿಸಿ, ತಾರಸಿಯ ಹಕ್ಕನ್ನು ಪ್ರತ್ಯೇಕ ಆಸ್ತಿಯೆಂದು ಒಪ್ಪಿತು. ಫವೇಲಾದ ಗುಡ್ಡದ ಬಾರುಗಳಲ್ಲಿ ಹಲವು ಹುಟ್ಟಿದ್ದು ಈ ತಾರಸಿಗಳಲ್ಲಿ. ನೀರಿನ ತೊಟ್ಟಿಯ ಪಕ್ಕ ನಾಲ್ಕು ಮೇಜು, ಒಂದು ತಂಪುಪೆಟ್ಟಿಗೆ, ತಲೆಯ ಮೇಲೆ ಟಾರ್ಪಾಲು: ಬಂಡವಾಳ ಅಷ್ಟೇ.

ವಿಡಿಗಾಲ್ ಇವುಗಳಲ್ಲಿ ಹೆಚ್ಚು ಹೆಸರಾದದ್ದು. ಲೆಬ್ಲಾನ್ ಕಡಲ ದಂಡೆ ಮುಗಿಯುವಲ್ಲಿ, 533 ಮೀಟರ್ ಎತ್ತರದ ದೋಯಿಸ್ ಇರ್ಮಾವೊಸ್ ಎಂಬ ಜೋಡಿ ಶಿಖರದ ಬುಡಕ್ಕೆ ಅಂಟಿಕೊಂಡ ಕೇರಿ ಇದು. 1977–78ರಲ್ಲಿ ಗುಡ್ಡ ಕುಸಿಯುವ ಅಪಾಯವಿದೆಯೆಂದು ಹೇಳಿ ಇಲ್ಲಿನವರನ್ನು ಎತ್ತಂಗಡಿ ಮಾಡಲು ಹೊರಟರು. ನಿವಾಸಿಗಳು ವಕೀಲರ ಮತ್ತು ಚರ್ಚಿನ ನೆರವಿನಿಂದ ಹೋರಾಡಿ ಉಳಿದುಕೊಂಡರು. 1980ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಈ ಗುಡ್ಡಕ್ಕೆ ಬಂದಾಗ ಅವರ ಬಲ ಇಮ್ಮಡಿಯಾಯಿತು. 1986ರಲ್ಲಿ ಇಲ್ಲಿ ಹುಟ್ಟಿದ ‘ನೋಸ್ ದು ಮೋಹು’ ನಾಟಕ ತಂಡದ ಹುಡುಗರು ಮುಂದೆ ‘ಸಿಟಿ ಆಫ್ ಗಾಡ್’ ಸಿನಿಮಾದಲ್ಲಿ ನಟಿಸಿದರು. ಇಂದು ಪ್ರವಾಸಿಗಳು ‘ಬಾರ್ ದಾ ಲಾಜಿ’ಯಲ್ಲಿ ಕೂತು ಇಪನೇಮಾದ ದಂಡೆಯನ್ನು ನೋಡುತ್ತಿದ್ದಾರೆಂದರೆ, ಆ ನೆಲವನ್ನು ಬಿಟ್ಟುಕೊಡದೆ ನಿಂತವರನ್ನು ಮೊದಲು ನೆನೆಯಬೇಕು.

ಬುಡದಿಂದ ಮೇಲಕ್ಕೆ ಹೋಗಲು ಬಾಡಿಗೆ ಬೈಕು ಅಥವಾ ವ್ಯಾನು. ಕಡಿದಾದ ಒಂದೇ ದಾರಿಯಲ್ಲಿ ಸಿಮೆಂಟು ಮೂಟೆ, ಬಿಯರ್ ಪೆಟ್ಟಿಗೆ, ಶಾಲೆಯ ಮಕ್ಕಳು, ಪ್ರವಾಸಿಗಳು ಎಲ್ಲರೂ ಸಾಗಬೇಕು. ದಾರಿ ಮುಗಿದ ಮೇಲೆ ಮೆಟ್ಟಿಲು. ಗ್ಯಾಸ್ ಸಿಲಿಂಡರು, ಮಂಜುಗಡ್ಡೆಯ ಚೀಲ, ಕುಡಿಯುವ ನೀರು ಕೊನೆಯ ಗಳಿಗೆಯಲ್ಲಿ ಹೆಗಲೇರಿ ಬರುತ್ತವೆ. ತಾರಸಿಯ ಮೇಲೆ ಒಂದು ತಣ್ಣನೆಯ ಲೋಟದ ಬೆಲೆ ದಂಡೆಗಿಂತ ಹೆಚ್ಚೆನಿಸಿದರೆ ಈ ಹೊರೆಯ ಲೆಕ್ಕವನ್ನೂ ಹಾಕಬೇಕು. ವೇಳೆಯ ಬಗ್ಗೆ ಒಂದು ಮಾತು. ವಿಡಿಗಾಲಿನ ಎದುರಿಗಿರುವುದು ಮೂಡಲ ದಿಕ್ಕು. ಇಲ್ಲಿನ ವೈಭವ ಬೆಳಗಿನದು. ಮಧ್ಯಾಹ್ನ ಇಳಿಯುತ್ತಿದ್ದಂತೆ ಶಿಖರದ ನೆರಳು ತಾರಸಿಯ ಮೇಲೆ ಬೀಳುತ್ತದೆ. ಸಂಜೆಗೆಂದು ಬಂದವರು ನೋಡುವುದು ಸೂರ್ಯಾಸ್ತವನ್ನಲ್ಲ, ಕೆಳಗೆ ಒಂದೊಂದಾಗಿ ಹೊತ್ತಿಕೊಳ್ಳುವ ದೀಪಗಳನ್ನು.

ಕೊಪಕಬಾನಾದ ಪಕ್ಕದ ಲೇಮಿಯಲ್ಲಿರುವ ಶಪೇವು ಮಂಗೇರಾ ಗುಡ್ಡದ ‘ಬಾರ್ ದು ಡೇವಿಡ್’ ಇನ್ನೊಂದು ಬಗೆಯದು. ಹಿಂದೆ ಮೀನುಗಾರನಾಗಿದ್ದ, ಅದೇ ಕೇರಿಯ ನಿವಾಸಿ ತೆರೆದ ಅಂಗಡಿ ಇದು. ಹಂದಿಮಾಂಸದ ಬದಲು ಸೀಗಡಿ, ಸ್ಕ್ವಿಡ್ ಹಾಕಿ ಮಾಡುವ ಕಡಲ ಫೇಜ್ವಾಡಾ ಅದಕ್ಕೆ ಹೆಸರು ತಂದಿತು. ‘ಕೊಮಿಡಾ ದಿ ಬುಟೆಕು’ ಎಂಬ ದೇಶದಾದ್ಯಂತ ನಡೆಯುವ ಬಾರ್ ತಿಂಡಿಗಳ ಸ್ಪರ್ಧೆಯಲ್ಲಿ ಅದು ಬಹುಮಾನ ಪಡೆದ ಮೇಲೆ, ಎಂದೂ ಗುಡ್ಡ ಹತ್ತದಿದ್ದ ಕೊಪಕಬಾನಾದ ಮಧ್ಯಮವರ್ಗದವರೂ ಹತ್ತಿದರು. ಶಪೇವು ಮಂಗೇರಾಕ್ಕೆ ಅಂಟಿಕೊಂಡ ಬಾಬಿಲೋನಿಯಾ ಗುಡ್ಡ ಸಿನಿಮಾಪ್ರಿಯರಿಗೆ ಪರಿಚಿತ. 1959ರ ‘ಬ್ಲ್ಯಾಕ್ ಆರ್ಫಿಯಸ್’ ಚಿತ್ರದ ದೃಶ್ಯಗಳನ್ನು ತೆಗೆದದ್ದು ಇಲ್ಲಿ. ಈ ಗುಡ್ಡದಲ್ಲಿ ನಿವಾಸಿಗಳೇ ಸಹಕಾರ ಸಂಘ ಕಟ್ಟಿಕೊಂಡು ಮರ ನೆಟ್ಟಿದ್ದಾರೆ, ಕಾಡಿನ ದಾರಿಯಲ್ಲಿ ಪ್ರವಾಸಿಗಳನ್ನು ಕರೆದೊಯ್ಯುತ್ತಾರೆ.

ಕತೇಟಿ ಬಡಾವಣೆಯ ಮೇಲಿನ ತವಾರಿಸ್ ಬಾಸ್ತೊಸ್ ಕೇರಿಯಲ್ಲಿ ಇಂಗ್ಲೆಂಡಿನ ಕಲಾವಿದ ಬಾಬ್ ನಾಡಕರ್ಣಿ ತಮ್ಮ ಕೈಯಾರೆ ಕಟ್ಟಿದ ‘ದ ಮೇಜ್’ ಜಾಜ್ ಸಂಗೀತದ ರಾತ್ರಿಗಳಿಂದ ಹೆಸರಾಯಿತು. ಕಾರವಾರ, ಅಂಕೋಲೆಯ ಕಡೆಯವರಿಗೆ ಆ ಅಡ್ಡಹೆಸರು ಕಿವಿಗೆ ಹತ್ತಿರದ್ದು. ಸುತ್ತು ಸುತ್ತಾದ ಮೆಟ್ಟಿಲು, ಚೂರು ಹೆಂಚಿನ ಕುಸುರಿ, ಎದುರಿಗೆ ಸಕ್ಕರೆಗುಡ್ಡ. ಪೊಲೀಸರ ವಿಶೇಷ ದಳದ ಮುಖ್ಯ ಕಚೇರಿ ಇದೇ ಗುಡ್ಡದ ನೆತ್ತಿಯಲ್ಲಿದ್ದುದರಿಂದ ಈ ಕೇರಿಗೆ ಹೊರಗಿನವರು ಅಂಜದೆ ಬರತೊಡಗಿದರು.

ಉಳಿದ ಫವೇಲಾಗಳಿಗೆ ಅಂಥ ದಿನಗಳು ಬಂದದ್ದು 2008ರ ಡಿಸೆಂಬರಿನಲ್ಲಿ ಸಾಂತಾ ಮಾರ್ತಾ ಗುಡ್ಡದಿಂದ ಆರಂಭವಾದ ಶಾಂತಿಪಾಲನಾ ಪೊಲೀಸ್ ಠಾಣೆಗಳ ಕಾಲದಲ್ಲಿ. ವಿಡಿಗಾಲಿಗೆ ಠಾಣೆ ಬಂದದ್ದು 2012ರಲ್ಲಿ. 2014ರ ವಿಶ್ವಕಪ್, 2016ರ ಒಲಿಂಪಿಕ್ಸ್ ಎದುರಿಗಿದ್ದ ಆ ವರ್ಷಗಳಲ್ಲಿ ತಾರಸಿ ಬಾರುಗಳೂ ತಂಗುಮನೆಗಳೂ ಒಂದೇ ಸಮನೆ ಹೆಚ್ಚಿದವು. ಜೊತೆಗೇ ಬಾಡಿಗೆಯೂ ಏರಿತು, ಹೊರಗಿನವರು ಮನೆ ಕೊಳ್ಳತೊಡಗಿದರು, ಹುಟ್ಟಿ ಬೆಳೆದ ಕೇರಿಯಲ್ಲಿ ಬಾಳುವುದು ಕೆಲವರಿಗೆ ದುಬಾರಿಯಾಯಿತು. ಒಲಿಂಪಿಕ್ಸ್ ಮುಗಿದು ರಾಜ್ಯ ಸರ್ಕಾರದ ಬೊಕ್ಕಸ ಬರಿದಾದಾಗ ಠಾಣೆಗಳು ಸೊರಗಿದವು, ಗುಂಡಿನ ಸದ್ದು ಮತ್ತೆ ಕೇಳಿಸಿತು. 2018ರಲ್ಲಿ ರಿಯೋದ ಭದ್ರತೆಯನ್ನು ಕೇಂದ್ರ ಸರ್ಕಾರ ಸೇನೆಯ ಕೈಗೆ ಒಪ್ಪಿಸಬೇಕಾಯಿತು. ಪೊಲೀಸರ ಬಂದೂಕನ್ನು ನಂಬಿ ಬಂದ ಹೊರಗಿನ ಬಂಡವಾಳ ಆಗ ಜಾಗ ಖಾಲಿಮಾಡಿತು. ಕೇರಿಯವರ ಅಂಗಡಿಗಳು ಉಳಿದುಕೊಂಡವು, ಏಕೆಂದರೆ ಅವರಿಗೆ ಹೋಗಲು ಬೇರೆ ಜಾಗವಿರಲಿಲ್ಲ, ಹೋಗುವ ಮನಸ್ಸೂ ಇರಲಿಲ್ಲ.

ಊಟ ಮತ್ತು ಪಾನೀಯ

ಗುಡ್ಡದ ಮೇಲೆ ಸಿಗುವ ಊಟ ಬಹುಮಟ್ಟಿಗೆ ಕೆಳಗಿನ ಬೀದಿಯ ಬುಟೆಕುಗಳ, ಅಂದರೆ ನಿಂತು ಕುಡಿದು ಹರಟುವ ಸಣ್ಣ ಬಾರುಗಳ ಊಟವೇ. ಉಪ್ಪುಮೀನಿನ ಉಂಡೆ, ಬಿಸಿ ಕಾಳಿನ ಕಟ್ಟು, ಎಣ್ಣೆಯಲ್ಲಿ ಕರಿದ ಮರಗೆಣಸು, ಒಣಮಾಂಸ ತುಂಬಿದ ಪಾಸ್ತೆಲ್ ಎಂಬ ಕಡುಬು. ಶನಿವಾರ ಫೇಜ್ವಾಡಾ: ಕಪ್ಪು ಬೀನ್ಸ್ ಕಾಳನ್ನು ಉಪ್ಪು ಹಾಕಿದ ಹಂದಿಮಾಂಸದ ಜೊತೆ ಗಂಟೆಗಟ್ಟಲೆ ಬೇಯಿಸಿ, ಅನ್ನ, ಸಣ್ಣಗೆ ಹೆಚ್ಚಿ ಬಾಡಿಸಿದ ಸೊಪ್ಪು, ಹುರಿದ ಮರಗೆಣಸಿನ ಹಿಟ್ಟು, ಕಿತ್ತಳೆಯ ಹೋಳುಗಳೊಡನೆ ಬಡಿಸುತ್ತಾರೆ. ಉಂಡವರಿಗೆ ಆ ದಿನ ಬೇರೆ ಕೆಲಸ ಸಾಗುವುದಿಲ್ಲ, ಅದಕ್ಕೇ ಅದು ಶನಿವಾರದ ಊಟ.

ಪಾನೀಯಗಳಲ್ಲಿ ನೊರೆ ಕಟ್ಟಿದ ತಣ್ಣನೆಯ ಪೀಪಾಯಿ ಬಿಯರಿಗೆ ಮೊದಲ ಸ್ಥಾನ. ಅದಕ್ಕೆ ಶೋಪಿ ಎನ್ನುತ್ತಾರೆ. ಅದರ ಬೆನ್ನಿಗೇ ಬರುವುದು ಕೈಪಿರಿನ್ಯಾ. ಕಬ್ಬಿನ ಹಾಲನ್ನು ಹುಳಿಬರಿಸಿ ಭಟ್ಟಿ ಇಳಿಸಿದ ಕಶಾಸಾ ಇದರ ಜೀವ. 2003ರ ಸರ್ಕಾರಿ ಆಜ್ಞೆಯ ಪ್ರಕಾರ ಕಶಾಸಾ, ನಿಂಬೆ, ಸಕ್ಕರೆ ಸೇರಿ ಆದದ್ದಕ್ಕೆ ಮಾತ್ರ ಈ ಹೆಸರು ಸಲ್ಲುತ್ತದೆ. ಅದನ್ನು ಮಾಡುವ ಕೈಯನ್ನು ಗಮನಿಸಬೇಕು. ಬೀಜವಿಲ್ಲದ ಹಸಿರು ನಿಂಬೆಯನ್ನು ಸೀಳಿ, ನಡುವಿನ ಬಿಳಿ ನಾರನ್ನು ಚಾಕುವಿನಿಂದ ತೆಗೆದುಹಾಕುತ್ತಾರೆ. ಕಹಿಯೆಲ್ಲ ಇರುವುದು ಅದರಲ್ಲಿ. ಹೋಳುಗಳನ್ನು ಸಿಪ್ಪೆ ಕೆಳಗಾಗಿ ದಪ್ಪ ತಳದ ಲೋಟಕ್ಕೆ ಹಾಕಿ, ಎರಡು ಚಮಚ ಸಕ್ಕರೆ ಉದುರಿಸಿ, ಮರದ ಕುಟ್ಟಾಣಿಯಿಂದ ಒತ್ತುತ್ತಾರೆ. ಒತ್ತಬೇಕು, ಜಜ್ಜಬಾರದು. ಸಿಪ್ಪೆಯ ಎಣ್ಣೆ ಸಕ್ಕರೆಗಿಳಿದ ಘಮ ಬಂದೊಡನೆ ಕೈ ನಿಲ್ಲಿಸಿ, ಮಂಜುಗಡ್ಡೆ ತುಂಬಿ, ಕಶಾಸಾ ಸುರಿದು ಕಲಕುತ್ತಾರೆ. ನಿಂಬೆಯ ಬದಲು ಗೇರುಹಣ್ಣು, ಪ್ಯಾಷನ್ ಹಣ್ಣು ಬಳಸುವುದೂ ಉಂಟು.

ಕರ್ನಾಟಕಕ್ಕೂ ಈ ಗುಡ್ಡಗಳಿಗೂ ಇರುವ ನಿಜವಾದ ನಂಟು ಹಣ್ಣುಗಳದು. ನಮ್ಮ ಕರಾವಳಿಯ ಗೇರು ಮೂಲತಃ ಬ್ರೆಜಿಲಿನದು, ಪೋರ್ಚುಗೀಸರು ಗೋವೆಯ ಮೂಲಕ ತಂದದ್ದು. ಪಶ್ಚಿಮ ಘಟ್ಟದ ಹಲಸನ್ನು ಅವರೇ ಅಲ್ಲಿಗೆ ಒಯ್ದರು. ರಿಯೋದ ಗುಡ್ಡಗಳಲ್ಲಿ ಹಲಸು ಎಷ್ಟು ಚೆನ್ನಾಗಿ ಒಗ್ಗಿತೆಂದರೆ ಈಗ ಅದೇ ಅಲ್ಲಿನ ಕಾಡಿಗೆ ಹೊರೆಯಾಗಿದೆ. ಕಾಫಿ ತೋಟಗಳಿಂದ ಬೋಳಾಗಿ ನೀರಿನ ಸೆಲೆ ಬತ್ತಿದ್ದ ತಿಜೂಕಾ ಗುಡ್ಡಗಳಲ್ಲಿ 1861ರಿಂದ ಮೇಜರ್ ಆರ್ಚರ್ ಎಂಬಾತ ಮರ ನೆಡಿಸಿದ. ಗುಲಾಮರ ಕೈಯಿಂದ ನಡೆದ ಆ ಕೆಲಸದಿಂದಲೇ ಇಂದಿನ ಕಾಡು ಎದ್ದುನಿಂತಿದೆ. 1961ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲೀಗ ಸ್ಥಳೀಯ ಮರಗಳನ್ನು ಬೆಳೆಯಗೊಡದ ಹಲಸನ್ನು ಅರಣ್ಯ ಸಿಬ್ಬಂದಿ ಹತೋಟಿಯಲ್ಲಿಡಬೇಕಾಗಿದೆ. ಹಸಿ ಹಲಸನ್ನು ಬೇಯಿಸಿ ಎಳೆ ಎಳೆಯಾಗಿ ಬಿಡಿಸಿ ಮಾಂಸದ ಬದಲು ಬಳಸುವ ರೂಢಿ ಅಲ್ಲಿ ಈಚೆಗೆ ಹಬ್ಬುತ್ತಿದೆ. ಗುಜ್ಜೆ ಪಲ್ಯ ತಿಂದು ಬೆಳೆದ ದಕ್ಷಿಣ ಕನ್ನಡದವರು ಇದನ್ನು ಕಂಡು ಸಂತೋಷಪಡಬಹುದು.

ಉಳಿದ ಊರುಗಳು

ಸಾಲ್ವಡಾರ್ ಕಡಿದಾದ ದಿಬ್ಬದ ಮೇಲೊಂದು, ಕೆಳಗೊಂದು ಎಂಬಂತೆ ಎರಡು ಹಂತದ ನಗರ. ಎರಡನ್ನೂ 1873ರಲ್ಲಿ ಆರಂಭವಾದ ಲಾಸೆರ್ಡಾ ಲಿಫ್ಟು ಜೋಡಿಸುತ್ತದೆ. ಮೇಲಿನ ಊರಿನ ಸಾಂತೊ ಆಂಟೋನಿಯೊ ಕೇರಿಯಲ್ಲಿ ಮನೆಗಳ ಮುಂಬಾಗಿಲು ಬೀದಿಗೆ, ಹಿತ್ತಿಲು ಕೊಲ್ಲಿಗೆ. ಆ ಹಿತ್ತಿಲುಗಳೇ ಈಗ ಕೆಫೆಗಳಾಗಿವೆ. ಕೊಲ್ಲಿ ಇಲ್ಲಿ ಪಡುವಣಕ್ಕಿರುವುದರಿಂದ ಬ್ರೆಜಿಲಿನ ಪೂರ್ವ ಕರಾವಳಿಯಲ್ಲಿ ಅಪರೂಪವಾದ ನೀರಿನ ಮೇಲಿನ ಸೂರ್ಯಾಸ್ತ ಇಲ್ಲಿ ಸಿಗುತ್ತದೆ. ಸೂರ್ಯಾಸ್ತವೇ ಬೇಕೆನ್ನುವವರು ರಿಯೋಕ್ಕಿಂತ ಇಲ್ಲಿಗೆ ಬರುವುದು ಮೇಲು. ತಾಳೆಯೆಣ್ಣೆ, ತೆಂಗಿನಹಾಲು ಹಾಕಿದ ಮೊಕೆಕಾ ಎಂಬ ಮೀನಿನ ಸಾರು ಇಲ್ಲಿನ ಹೆಗ್ಗಳಿಕೆ.

1535ರಲ್ಲಿ ಹುಟ್ಟಿದ ಒಲಿಂಡಾದಲ್ಲಿ, ಗುಡ್ಡದ ನೆತ್ತಿಯ ಆಲ್ಟೊ ದಾ ಸೇ ಚೌಕದಿಂದ ಕೆಂಪು ಹೆಂಚಿನ ಮಾಡುಗಳ ಆಚೆ ರೆಸೀಫೆ ನಗರದ ಗೋಪುರಗಳು ಕಾಣುತ್ತವೆ. ಹೆಂಗಸರು ಅಲ್ಲಿ ತಳ್ಳುಗಾಡಿಯ ಮೇಲೆ ತಾಪಿಯೋಕಾ ಮಾಡುತ್ತಾರೆ. ಒದ್ದೆ ಮರಗೆಣಸಿನ ಪಿಷ್ಟವನ್ನು ಜರಡಿ ಹಿಡಿದು ಕಾದ ಹೆಂಚಿಗೆ ಉದುರಿಸಿದರೆ ಪುಡಿ ತಾನಾಗಿ ಕೂಡಿಕೊಂಡು ಬಿಳಿ ಹಾಳೆಯಾಗುತ್ತದೆ. ತುರಿದ ತೆಂಗಿನಕಾಯಿ, ಸುಟ್ಟ ಗಿಣ್ಣು ಇಟ್ಟು ಮಡಚಿ ಕೈಗೆ ಕೊಡುತ್ತಾರೆ. ಗೋಡೆಯಿಲ್ಲ, ಮೇಜಿಲ್ಲ. ಆದರೂ ಈ ವರ್ಗದ ಊಟದ ಮನೆಗಳಲ್ಲಿ ಇದನ್ನೂ ಎಣಿಸದಿದ್ದರೆ ತಪ್ಪಾಗುತ್ತದೆ.

ಸ್ಯಾಂಟೋಸ್‌ನ ಮೊಂಟೆ ಸೆಹಾಟ್ ಗುಡ್ಡದಲ್ಲಿ ಹಗ್ಗದ ರೈಲು ಹತ್ತಿ ಹೋಗುವ ಹಳೆಯ ಜೂಜುಮನೆಯಿದೆ. 1946ರಲ್ಲಿ ದೇಶದಲ್ಲಿ ಜೂಜನ್ನು ನಿಷೇಧಿಸಿದ ಮೇಲೆ ಅದು ಸಮಾರಂಭಗಳ ಜಾಗವಾಗಿ ಉಳಿದಿದೆ. ನಕ್ಷೆ ಹಾಕಿ ಕಟ್ಟಿ 1897ರಲ್ಲಿ ಉದ್ಘಾಟಿಸಿದ ಬೆಲೊ ಹಾರಿಜಾಂಟೆ ಬಾರುಗಳಿಗೇ ಹೆಸರಾದ ಊರು. ಮೇಲೆ ಹೇಳಿದ ಬಾರ್ ತಿಂಡಿಗಳ ಸ್ಪರ್ಧೆ 2000ದಲ್ಲಿ ಹುಟ್ಟಿದ್ದು ಅಲ್ಲೇ. ಊರ ಬೆನ್ನಿಗಿರುವ ಸೆಹಾ ದು ಕುರಾಲ್ ಸಾಲನ್ನು ಕಬ್ಬಿಣದ ಗಣಿ ಒಂದು ಮಗ್ಗುಲಿಂದ ತಿಂದಿದೆ. ನಗರದ ಕಡೆಯ ಮಗ್ಗುಲಲ್ಲಿ ನಿಂತು ನೋಡುವವರಿಗೆ ಅದು ಗೊತ್ತಾಗುವುದಿಲ್ಲ. ಸಾವೊ ಪೌಲೊದಲ್ಲಿ ನಡುವೂರಿಗೆ ಇಂಥ ಗುಡ್ಡವಿಲ್ಲವಾದ್ದರಿಂದ 1960ರ ದಶಕದಲ್ಲಿ ಇಟಾಲಿಯಾ ಎಂಬ ಗಗನಚುಂಬಿಯ ತುದಿಯಲ್ಲೇ ಹೋಟೆಲು ತೆರೆದರು.

ತೊಡಕುಗಳು

ಇಳಿಜಾರಿನ ದೊಡ್ಡ ಶತ್ರು ಮಳೆ. ಬಂಡೆಯ ಮೇಲೆ ತೆಳ್ಳಗೆ ಹೊದ್ದ ಮಣ್ಣು ಬೇಸಗೆಯ ಜಡಿಮಳೆಗೆ ನೆನೆದು ಜಾರುತ್ತದೆ. ಅಲ್ಲಿ ಬೇಸಗೆಯೆಂದರೆ ಡಿಸೆಂಬರಿನಿಂದ ಮಾರ್ಚ್. 1966 ಮತ್ತು 1967ರ ಮಳೆಗಳಲ್ಲಿ ರಿಯೋದಲ್ಲಿ ನೂರಾರು ಜನ ಸತ್ತರು. ಗುಡ್ಡಗಳ ಭದ್ರತೆ ನೋಡಿಕೊಳ್ಳುವ, ಇಂದು ಜಿಯೋ-ರಿಯೋ ಎನಿಸಿರುವ ಸಂಸ್ಥೆ ಹುಟ್ಟಿದ್ದು 1966ರಲ್ಲಿ. ಬಂಡೆಗಳಿಗೆ ಉಕ್ಕಿನ ಸರಳು ಜಡಿದು ತಡೆಗೋಡೆ ಕಟ್ಟುವುದು ಅದರ ನಿತ್ಯದ ಕೆಲಸ. 2010ರ ಏಪ್ರಿಲಿನಲ್ಲಿ ಮತ್ತೆ ಅನಾಹುತವಾಯಿತು. ನಿತೆರೋಯ್‌ನಲ್ಲಿ ಹಳೆಯ ಕಸದ ರಾಶಿಯ ಮೇಲೆ ಬೆಳೆದಿದ್ದ ಬುಂಬಾ ಕೇರಿ ಇಡಿಯಾಗಿ ಕುಸಿಯಿತು. ಮರುವರ್ಷದಿಂದ ರಿಯೋದ ಅಪಾಯದ ಫವೇಲಾಗಳಲ್ಲಿ ಎಚ್ಚರಿಕೆಯ ಸೈರನ್‌ಗಳಿವೆ. ಸೈರನ್ ಕೂಗಿದರೆ ಬಾರಿನಲ್ಲಿ ಕೂತವರೂ ಎದ್ದು ನಿಗದಿಯಾದ ಆಸರೆಯ ಜಾಗಕ್ಕೆ ನಡೆಯಬೇಕು.

2008ರ ಕಾಯಿದೆ ಕುಡಿದು ವಾಹನ ನಡೆಸುವವರ ಮೇಲೆ ಬಿಗಿ ಹಿಡಿಯಿತು. 2012ರಲ್ಲಿ ಅದು ಇನ್ನಷ್ಟು ಬಿಗಿಯಾಗಿ, ಒಂದು ಲೋಟವೂ ತಪ್ಪೆಂಬಲ್ಲಿಗೆ ಬಂತು. ತಿರುವಿನ ದಾರಿಯ ಗುಡ್ಡಗಳಿಗೆ ಇದು ಒಳ್ಳೆಯದೇ ಆಯಿತು. ಗಿರಾಕಿಗಳು ಟ್ಯಾಕ್ಸಿಯಲ್ಲೋ ಟ್ರಾಮಿನಲ್ಲೋ ಬರುತ್ತಾರೆ. ರಾತ್ರಿಯ ಸಂಗೀತದ ಅಬ್ಬರ ನೆರೆಮನೆಯವರ ನಿದ್ದೆ ಕೆಡಿಸುವ ತಕರಾರು ಮಾತ್ರ ಎಲ್ಲ ಗುಡ್ಡಗಳಲ್ಲೂ ಇದೆ. ಇಳಿಜಾರಿನಲ್ಲಿ ಸದ್ದು ಬಹುದೂರ ಕೇಳಿಸುತ್ತದೆ. ಇದಕ್ಕೆ ನೆರೆಯವರೇ ಅಂಗಡಿಯ ಒಡೆಯರಾಗಿರುವ ಕೇರಿಗಳಲ್ಲಿ ಸುಲಭವಾಗಿ ಪರಿಹಾರ ಸಿಕ್ಕಿದೆ, ಹೊರಗಿನವರು ನಡೆಸುವ ಕಡೆ ಸಿಕ್ಕಿಲ್ಲ.

ರಿಯೋಕ್ಕೆ ಹೋಗುವ ಕನ್ನಡಿಗರು ಸಾಂತಾ ತೆರೇಸಾಕ್ಕೆ ಹಗಲಿನಲ್ಲೇ ಟ್ರಾಮು ಹತ್ತಿ ಹೋಗುವುದು ಒಳ್ಳೆಯದು. ಫವೇಲಾದ ಗುಡ್ಡಗಳಿಗೆ ಅಲ್ಲಿಯ ನಿವಾಸಿಯೊಬ್ಬರ ಜೊತೆಯಲ್ಲಿ, ಆ ದಿನದ ಪರಿಸ್ಥಿತಿ ಕೇಳಿ ತಿಳಿದುಕೊಂಡು ಹೋಗಬೇಕು. ಮನೆಗಳ ಒಳಗಿನ, ಜನರ ಚಿತ್ರಗಳನ್ನು ಕೇಳದೆ ತೆಗೆಯಬಾರದು. ಬಿಲ್ಲಿನಲ್ಲಿ ಸೇರಿಸುವ ಶೇ. 10ರ ಸೇವಾಶುಲ್ಕ ಕಡ್ಡಾಯವಲ್ಲ, ಆದರೂ ಮೆಟ್ಟಿಲು ಹತ್ತಿ ಇಳಿದು ಬಡಿಸಿದವರಿಗೆ ಅದನ್ನು ಕೊಡದೆ ಏಳಬೇಡಿ. ಒಂದು ಹೊತ್ತಿನ ಊಟವನ್ನಾದರೂ ಗುಡ್ಡದವರೇ ನಡೆಸುವ ಅಂಗಡಿಯಲ್ಲಿ ಮಾಡಿ.